ಹೊಡೆಯದೆ ಕೂತವರ ಕೈ

ಲಂಡನ್‌ನಲ್ಲಿ ಆರು ದಿನ ಇದ್ದೆ. ಐದು ದಿನದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಎಲ್ಲರೂ ನೋಡುವ ಮ್ಯೂಸಿಯಂ, ಸೇತುವೆ, ನದಿಯನ್ನೇ ನಾನೂ ನೋಡಿದೆ. ಹೋಗಿದ್ದೇ ಒಂದು ಸಂಜೆಗಾಗಿ. ಇಂಗ್ಲೆಂಡಿನ ರಾಕ್ ತಂಡ ಕಿಂಗ್ ಕ್ರಿಮ್ಸನ್‌ಗೆ ಐವತ್ತು ವರ್ಷ ತುಂಬಿದ್ದಕ್ಕೆ 2019ರ ಜೂನ್‌ನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೂರು ರಾತ್ರಿ ಕಾರ್ಯಕ್ರಮ ಇತ್ತು. ಅದರಲ್ಲಿ ಒಂದು ರಾತ್ರಿಗೆ ನನಗೆ ಟಿಕೆಟ್ ಸಿಕ್ಕಿತ್ತು.

ಹಾಲ್‌ನ ಎದುರು ರಸ್ತೆ ದಾಟಿದರೆ ಕೆನ್ಸಿಂಗ್ಟನ್ ಗಾರ್ಡನ್ಸ್. ಅದಕ್ಕೆ ಅಂಟಿಕೊಂಡೇ ಹೈಡ್ ಪಾರ್ಕ್. ಮಧ್ಯಾಹ್ನವೇ ಹೋಗಿ ಸುಮ್ನೆ ನಡೆದೆ. 1969ರ ಜುಲೈ 5ರಂದು ಅಲ್ಲಿ ರೋಲಿಂಗ್ ಸ್ಟೋನ್ಸ್ ಪುಕ್ಕಟೆ ಕಾರ್ಯಕ್ರಮ ಕೊಟ್ಟಿದ್ದರು. ಅವರಿಗಿಂತ ಮುಂಚೆ ನುಡಿಸಿದವರಲ್ಲಿ ಈ ತಂಡವೂ ಇತ್ತು. ಆಗ ತಂಡ ಕಟ್ಟಿ ಆರು ತಿಂಗಳಾಗಿತ್ತು ಅಷ್ಟೇ. ಮೊದಲ ಆಲ್ಬಂ ಕೂಡ ಬಂದಿರಲಿಲ್ಲ. ಅಂದಿನವರಲ್ಲಿ 2019ರ ತಂಡದಲ್ಲಿ ಉಳಿದಿದ್ದವರು ಗಿಟಾರ್‌ನ ರಾಬರ್ಟ್ ಫ್ರಿಪ್ ಒಬ್ಬರೇ. ಆ ಹುಲ್ಲಿನ ಮೇಲೆ ನಿಂತಾಗ ಯಾಕೋ ಗಂಟಲು ಕಟ್ಟಿತು.

ಟಿಕೆಟ್ ವಿಷಯ ಹೇಳಲೇಬೇಕು. ಆ ಬೇಜಾರು ಇನ್ನೂ ಹೋಗಿಲ್ಲ. ನಾನು ಕೊಂಡಿದ್ದು ಟಿಕೆಟ್ ಮರುಮಾರಾಟ ಮಾಡುವ ಒಂದು ಜಾಲತಾಣದಿಂದ. ಜಾಸ್ತಿ ದುಡ್ಡು ಕೊಟ್ಟೆ. ಹೋಗಿ ಕೂತರೆ, ಮೇಲಿಂದ ತೂಗುಹಾಕಿದ್ದ ಸ್ಪೀಕರ್‌ಗಳ ಸಾಲು ವೇದಿಕೆಯ ಬಲಭಾಗವನ್ನು ಪೂರ್ತಿ ಮುಚ್ಚಿತ್ತು. ಸೀಟಿಂದ ವೇದಿಕೆ ಪೂರ್ತಿ ಕಾಣುವುದಿಲ್ಲ ಅಂತ ಕೊಳ್ಳುವಾಗ ಎಲ್ಲೂ ಹೇಳಿರಲಿಲ್ಲ. ದುಂಡನೆಯ ಹಾಲ್‌ಗೆ ಹೋಗುವವರು ಮೊದಲು ನಕ್ಷೆ ನೋಡಿ. ಪಕ್ಕದ ಸೀಟುಗಳಾದರೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಕೇಳಿಯೇ ದುಡ್ಡು ಕೊಡಿ. ಆದಷ್ಟೂ ಹಾಲ್‌ನವರ ಹತ್ತಿರವೇ ಕೊಳ್ಳಿ.

ನನಗೆ ಇದು ಯಾಕೆ ಅಷ್ಟು ನೋವಾಯಿತು ಅಂದರೆ, ಆಗ ಈ ತಂಡ ಡ್ರಮ್ಸ್ ಅನ್ನು ಹಿಂದೆ ಇಡುತ್ತಿರಲಿಲ್ಲ. ಮೂರು ಡ್ರಮ್ಸ್ ಸೆಟ್ ವೇದಿಕೆಯ ಮುಂದುಗಡೆಯೇ ಸಾಲಾಗಿರುತ್ತಿದ್ದವು. ಎಡಕ್ಕೆ ಪ್ಯಾಟ್ ಮಾಸ್ಟೆಲೊಟೊ, ನಡುವೆ ಜೆರೆಮಿ ಸ್ಟೇಸಿ, ಬಲಕ್ಕೆ ಗ್ಯಾವಿನ್ ಹ್ಯಾರಿಸನ್. ಉಳಿದವರೆಲ್ಲ ಅವರ ಹಿಂದೆ, ಎತ್ತರದ ಕಟ್ಟೆ ಮೇಲೆ. ನನಗೆ ಹ್ಯಾರಿಸನ್ ಕಾಣಲಿಲ್ಲ. ಅವರ ಹಿಂದೆ ಸ್ಟೂಲ್ ಮೇಲೆ ಕೂರುತ್ತಿದ್ದ ಫ್ರಿಪ್ ಕೂಡ ಕಾಣಲಿಲ್ಲ.

ಅದಕ್ಕೇ ಮೊದಲ ಅರ್ಧ ಕಣ್ಣು ಮುಚ್ಚಿ ಕೇಳಿದೆ. 1871ರ ಈ ಹಾಲ್‌ನಲ್ಲಿ ಮೊದಲೆಲ್ಲ ವಿಪರೀತ ಪ್ರತಿಧ್ವನಿ ಇತ್ತಂತೆ. 1969ರಲ್ಲಿ ಗುಮ್ಮಟದ ಕೆಳಗೆ ಅಣಬೆಯಂಥ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿ ಅದನ್ನು ತಗ್ಗಿಸಿದರು. ಅವು ಇಲ್ಲದಿದ್ದರೆ ಮೂರು ಡ್ರಮ್ಸ್ ಸೇರಿ ಬರೀ ಗದ್ದಲ ಆಗಿರುತ್ತಿತ್ತು. ನನಗೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಆದರೆ ಮೂರು ಜನ ಅಂತ ಮಾತ್ರ ಅನಿಸಲಿಲ್ಲ. ಆರು ಕೈಯಿರುವ ಒಬ್ಬರೇ ನುಡಿಸುತ್ತಿದ್ದ ಹಾಗಿತ್ತು.

ಮಧ್ಯಂತರದಲ್ಲಿ ಎಡಗಡೆ ಕೂತಿದ್ದ ಹಿರಿಯರು ಮಾತಾಡಿಸಿದರು.

"ಕಣ್ಣು ಮುಚ್ಚಿಕೊಂಡಿದ್ರಲ್ಲ, ಆಯಾಸ ಆಗಿತ್ತಾ?"

"ಇಲ್ಲ ಸರ್. ನನಗೆ ಬಲಗಡೆಯ ಡ್ರಮ್ಮರ್ ಕಾಣ್ತಾ ಇಲ್ಲ. ಕೇಳಿಯಾದ್ರೂ ಹಿಡಿಯೋಣ ಅಂತ."

"ಯಾವ ಪೆಟ್ಟು ಅವರದ್ದು ಅಂತ ಗೊತ್ತಾಯ್ತಾ?"

"ಇಲ್ಲ."

"ಗೊತ್ತಾಗಬಾರದು. ಹಾಗೆ ನುಡಿಸೋಕೆ ಅವರು ಎಷ್ಟು ದಿನ ಕೂತಿರಬೇಕು ನೋಡಿ."

ಅವರು ಶಾಲೆಯಲ್ಲಿ ಮಕ್ಕಳಿಗೆ ಡ್ರಮ್ಸ್ ಕಲಿಸಿ ನಿವೃತ್ತರಾದವರು. "ಜೋರಾಗಿ ಹೊಡೆಯೋದನ್ನ ನಾನು ಯಾರಿಗೂ ಕಲಿಸಬೇಕಾಗಿ ಬರಲಿಲ್ಲ. ಮಕ್ಕಳಿಗೆ ಅದು ಬಂದೇ ಇರುತ್ತೆ. ಹೊಡೆಯದೆ ಬಿಡೋದನ್ನ ಕಲಿಸೋಕೆ ವರ್ಷಗಟ್ಟಲೆ ಹಿಡೀತಿತ್ತು," ಅಂದರು. ಆಮೇಲೆ ಎದ್ದು, "ನೀವು ಇಲ್ಲಿ ಕೂತ್ಕೊಳ್ಳಿ. ಹೊಡೀತಿರೋರನ್ನ ನೋಡಬೇಡಿ. ಹೊಡೆಯದೆ ಕೂತಿರೋರ ಕೈ ನೋಡಿ," ಅಂದರು. ನಾನು ಬೇಡ ಅಂದರೂ ಕೇಳಲಿಲ್ಲ.

ಒಂದೇ ಸೀಟು ಸರಿದಿದ್ದಕ್ಕೆ ವೇದಿಕೆ ಪೂರ್ತಿ ತೆರೆದುಕೊಂಡಿತು.

ಮಾಸ್ಟೆಲೊಟೊ ಶುರು ಮಾಡಿದ ಬಿಡುವಿಲ್ಲದ ಪೆಟ್ಟುಗಳ ಉರುಳಿಕೆಯನ್ನು ನಡುವೆ ಸ್ಟೇಸಿ ಎತ್ತಿಕೊಂಡರು, ಬಲಗಡೆ ಹ್ಯಾರಿಸನ್ ಮುಗಿಸಿದರು. ಎಲ್ಲೂ ಬೆಸುಗೆ ಕಾಣಲಿಲ್ಲ. ಸ್ಟೇಸಿ ಕೀಬೋರ್ಡ್ ಕಡೆ ತಿರುಗಿದಾಗ ಉಳಿದಿಬ್ಬರು ಆ ಜಾಗ ತುಂಬಲು ಹೋಗಲಿಲ್ಲ. ಖಾಲಿಯಾಗಿಯೇ ಬಿಟ್ಟರು. ಹ್ಯಾರಿಸನ್ ಎರಡೂ ಕೋಲುಗಳನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಹಿಮ್ಮಡಿ ಮಾತ್ರ ಸಣ್ಣಗೆ ಏಳುತ್ತಿತ್ತು, ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬಲಗೈ ಎದ್ದು ಒಂದು ಸಿಂಬಲ್, ಅಂದರೆ ತಾಳದಂಥ ಲೋಹದ ತಟ್ಟೆ, ಹೊಡೆಯಿತು. ಅದು ಮೊಳಗುವ ಮುಂಚೆ ಎಡಗೈ ಬಂದು ಅಂಚನ್ನು ಹಿಡಿದು ನಿಲ್ಲಿಸಿತು. ಮತ್ತೆ ಕೋಲು ತೊಡೆಗೆ. ಆ ಒಂದು ಪೆಟ್ಟಿಗೆ ನನ್ನ ಇಡೀ ಪ್ರಯಾಣ ಸಾರ್ಥಕ ಅನಿಸಿತು.

ಕೊನೆಗೆ 'ಸ್ಟಾರ್‌ಲೆಸ್' ಬಂತು. 1974ರ 'ರೆಡ್' ಆಲ್ಬಂನ ಹಾಡು. ಹಾಡಿನ ಭಾಗ ಮುಗಿದ ಮೇಲೆ ಟೋನಿ ಲೆವಿನ್ ಅವರ ಬೇಸ್ ಗಿಟಾರ್ ಹದಿಮೂರು ಎಣಿಕೆಯ ಒಂದು ಸುತ್ತನ್ನು ಶುರು ಮಾಡುತ್ತದೆ. ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಎಪ್ಪತ್ತಮೂರು ವರ್ಷದ ಮನುಷ್ಯ ಟೈ ಕಟ್ಟಿ, ಹೆಡ್‌ಫೋನ್ ಹಾಕಿ, ಅಲುಗದೆ ಕೂತು, ಅದೇ ಸ್ವರ. ಬೆರಳು ಮಡಚುತ್ತಾ ಎಣಿಸಲು ನೋಡಿದೆ. ಎರಡು ಸಲ ತಪ್ಪಿತು. ಮೂರನೇ ಸಲ ಹದಿಮೂರು ಮುಗಿದು ಒಂದಕ್ಕೆ ಸರಿಯಾಗಿ ಬಂದು ನಿಂತೆ. ಪಕ್ಕಕ್ಕೆ ನೋಡಿದರೆ ಆ ಹಿರಿಯರ ತೋರುಬೆರಳೂ ಅದೇ ಒಂದರ ಮೇಲೆ ಕುರ್ಚಿಯ ಕೈಗೆ ತಾಗಿತು. ಸಂಜೆಯಿಡೀ ಬಿಳಿಯಾಗಿದ್ದ ಬೆಳಕು ಆಗ ನಿಧಾನವಾಗಿ ಕೆಂಪಾಗತೊಡಗಿತು. ಇಡೀ ರಾತ್ರಿಗೆ ದೀಪದ ಆಟ ಅಂತ ಇದ್ದಿದ್ದು ಅದೊಂದೇ. ಪಟಾಕಿ, ಹೊಗೆ, ದೊಡ್ಡ ಪರದೆ ಇಟ್ಟು ಸಂಗೀತವನ್ನು ಹಿಂದಕ್ಕೆ ತಳ್ಳುವ ಕಾರ್ಯಕ್ರಮಗಳು ನನಗೆ ಇನ್ನು ರುಚಿಸುವುದಿಲ್ಲ.

ಫೋಟೊ ತೆಗೆಯಬಾರದು ಅಂತ ಮೊದಲೇ ಫಲಕ ಹಾಕಿದ್ದರು. ಎಲ್ಲ ಮುಗಿದ ಮೇಲೆ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ನಮ್ಮ ಫೋಟೊ ತೆಗೆದರು. ಆಗ ಮಾತ್ರ ನಾವೂ ತೆಗೆಯಬಹುದಿತ್ತು. ಸುತ್ತ ಎಲ್ಲರ ಫೋನ್ ಮೇಲೆದ್ದವು. ನಾನೂ ಒಂದು ತೆಗೆದೆ. ಪಕ್ಕದವರು ಕೋಟು ಹಾಕಿಕೊಳ್ಳುತ್ತಿದ್ದರು.

"ನಿಮ್ಮ ಅರ್ಧ ವೇದಿಕೆಯನ್ನ ನಾನು ತಗೊಂಡುಬಿಟ್ಟೆ," ಅಂದೆ.

"ಪರವಾಗಿಲ್ಲ. ನನ್ನ ಹತ್ರ ಇನ್ನೊಂದು ರಾತ್ರಿಯ ಟಿಕೆಟ್ ಇದೆ. ಅವತ್ತು ಬಲಗಡೆಯವರನ್ನ ನೋಡ್ತೀನಿ," ಅಂದು ಮೆಟ್ಟಿಲಿಳಿದರು.