ಹೆಸರು ಹೇಳದ ಕೆಕ್ಯೂ

ಫೋಲ್ಡರಿನಲ್ಲಿ ಯಾವುದಾದರೂ ಫೈಲ್ ಬದಲಾದ ಕೂಡಲೇ ನಾವು ಹೇಳಿದ ಕಮಾಂಡ್ ಓಡಿಸುವ ಪುಟ್ಟ ಟೂಲ್ ಒಂದನ್ನು ಸಿ ಭಾಷೆಯಲ್ಲಿ ಬರೆದುಕೊಂಡಿದ್ದೆ. ಲಿನಕ್ಸ್‌ನಲ್ಲಿ ದಿನಾ ಬಳಸುತ್ತಿದ್ದೆ. ಹಳೇ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದ ಮೇಲೆ ಅಲ್ಲೂ ಅದು ಬೇಕೆನಿಸಿತು. ಒಂದು ಶನಿವಾರ ಅದಕ್ಕೇ ಕೂತೆ.

ಮೊದಲು ತಕರಾರು ತೆಗೆದದ್ದು ಕೋಡನ್ನು ಪ್ರೋಗ್ರಾಮ್ ಆಗಿ ಕಟ್ಟುವ ಮೇಕ್. ಅದಕ್ಕೆ ಸೂಚನೆ ಕೊಡುವ ನನ್ನ ಮೇಕ್‌ಫೈಲ್ ಬರೆದದ್ದು ಲಿನಕ್ಸ್‌ನಲ್ಲಿ ಬಳಸುವ ಗ್ನೂ ಮೇಕ್‌ಗೆ. ಅದರ ಕಂಡಿಷನ್ ಸಾಲುಗಳು ಫ್ರೀಬಿಎಸ್‌ಡಿಯ ಮೇಕ್‌ಗೆ ಅರ್ಥವಾಗುವುದಿಲ್ಲ. ಇಲ್ಲಿ ಜಿಮೇಕ್ ಅನ್ನೋ ಹೆಸರಿನಲ್ಲಿ ಸಿಗುವ ಗ್ನೂ ಮೇಕ್ ಹಾಕಿಕೊಂಡರೆ ಮುಗಿಯುತ್ತಿತ್ತು. ಆದರೆ ಇಷ್ಟು ಚಿಕ್ಕ ಟೂಲಿಗಾಗಿ ಸುಮ್ನೆ ಇನ್ನೊಂದು ಪ್ಯಾಕೇಜ್ ಯಾಕೆ, ಅಲ್ವಾ? ಆ ಸಾಲುಗಳನ್ನು ತೆಗೆದು, ಲಿನಕ್ಸ್‌ಗೊಂದು ಬಿಎಸ್‌ಡಿಗೊಂದು ಟಾರ್ಗೆಟ್ ಇಟ್ಟೆ.

ನಿಜವಾದ ಕೆಲಸ ಇದ್ದದ್ದು ಫೈಲ್ ಬದಲಾವಣೆ ತಿಳಿಸುವ ಇನೋಟಿಫೈ ಜಾಗದಲ್ಲಿ. 2005ರಲ್ಲಿ 2.6.13 ಕರ್ನಲ್ ಜೊತೆ ಲಿನಕ್ಸ್‌ಗೆ ಬಂದದ್ದು ಇದು. ಫೋಲ್ಡರ್ ತೋರಿಸಿದರೆ ಸಾಕು, ಒಳಗೆ ಯಾವ ಫೈಲ್ ಬದಲಾಯಿತು ಅಂತ ಹೆಸರು ಸಮೇತ ಹೇಳುತ್ತದೆ. ಅದರ ಬದಲಿಗೆ ಫ್ರೀಬಿಎಸ್‌ಡಿಯಲ್ಲಿ ನನಗೆ ಸಿಕ್ಕಿದ್ದು ಕೆಕ್ಯೂ. ಅದು ಇನ್ನೂ ಹಳೆಯದು, 2000ನೇ ಇಸವಿಯಲ್ಲಿ ಫ್ರೀಬಿಎಸ್‌ಡಿ 4.1ರ ಜೊತೆ ಬಂದದ್ದು. ಸಾಕೆಟ್, ಟೈಮರ್, ಸಿಗ್ನಲ್, ಪ್ರೊಸೆಸ್ ಎಲ್ಲವನ್ನೂ ಒಂದೇ ಕಡೆ ಕಾಯುತ್ತದೆ. ಈ ಗುಣ ನನಗೆ ತುಂಬಾ ಇಷ್ಟ. ಆದರೆ ಫೋಲ್ಡರ್ ಮೇಲೆ ಕಣ್ಣಿಡು ಅಂದರೆ, ‘ಇಲ್ಲಿ ಏನೋ ಬದಲಾಯಿತು’ ಅಂತ ಹೇಳಿ ಸುಮ್ಮನಾಗುತ್ತದೆ. ಇರುವ ಫೈಲಿನೊಳಗೆ ಬರೆದರೆ ಅಷ್ಟೂ ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಪ್ರತಿ ಫೈಲನ್ನೂ ತೆರೆದು ಇಟ್ಟುಕೊಳ್ಳಬೇಕು.

ಹಾಗೇ ಮಾಡಿದೆ. ಮೊದಲ ಸೇವ್‌ಗೆ ಕಮಾಂಡ್ ಓಡಿತು. ಎರಡನೆಯದಕ್ಕೆ ಸದ್ದೇ ಇಲ್ಲ. ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಟ್ರಸ್ ಹಾಕಿ, ನನ್ನ ಎಡಿಟರ್ ವಿಮ್ ಏನು ಮಾಡುತ್ತಿದೆ ಅಂತ ನೋಡಿದೆ. ಸೇವ್ ಮಾಡುವಾಗ ಅದು ಹಳೇ ಫೈಲಿಗೆ ಬೇರೆ ಹೆಸರು ಕೊಟ್ಟು, ಮೊದಲಿನ ಹೆಸರಿನಲ್ಲಿ ಹೊಸ ಫೈಲ್ ಬರೆದು, ಆಮೇಲೆ ಹಳೆಯದನ್ನು ಅಳಿಸುತ್ತಿತ್ತು. ಕೆಕ್ಯೂ ಕಾಯುವುದು ಹೆಸರನ್ನಲ್ಲ, ತೆರೆದಿಟ್ಟ ಫೈಲನ್ನು. ಹಾಗಾಗಿ ಅಳಿಸಿಹೋದ ಫೈಲನ್ನೇ ಅದು ಇನ್ನೂ ಕಾಯುತ್ತಿತ್ತು!

ಈಗ ರಿನೇಮ್ ಅಥವಾ ಡಿಲೀಟ್ ಸೂಚನೆ ಬಂದರೆ ಹಳೇ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಹಿಡಿಕೆ) ಮುಚ್ಚಿ, ಅದೇ ಹೆಸರಿನ ಫೈಲನ್ನು ಮತ್ತೆ ತೆರೆಯುತ್ತೇನೆ. ಅದಿನ್ನೂ ಹುಟ್ಟಿರದಿದ್ದರೆ ಫೋಲ್ಡರಿನ ಮುಂದಿನ ಸೂಚನೆಗೆ ಕಾದು, ಫೈಲುಗಳ ಪಟ್ಟಿಯನ್ನು ಹಿಂದಿನದರ ಜೊತೆ ಹೋಲಿಸುತ್ತೇನೆ. ಇನೋಟಿಫೈಗಿಂತ ಕೋಡ್ ಜಾಸ್ತಿ, ನಿಜ. ಆದರೆ ಇಫ್‌ಡೆಫ್‌ಗಳಿಂದ (ಸಿಸ್ಟಮ್ ನೋಡಿ ಕೋಡ್ ಆರಿಸುವ ಸಾಲುಗಳು) ಎರಡನ್ನೂ ಬೆರೆಸದೆ ಬೇರೆಬೇರೆ ಫೈಲುಗಳಲ್ಲಿ ಇಟ್ಟಿದ್ದರಿಂದ ಓದಲು ಹಿತವಾಗಿದೆ.

ಕೆಕ್ಯೂ ಫೈಲ್ ಇನ್ನೊಂದು ಬಿಎಸ್‌ಡಿಯಾದ ಓಪನ್‌ಬಿಎಸ್‌ಡಿಯಲ್ಲೂ ಹಾಗೇ ಕಂಪೈಲ್ ಆಯಿತು. ಪ್ರೋಗ್ರಾಮ್ ಏನೇನು ಮಾಡಬಹುದು ಅಂತ ಮಿತಿ ಹಾಕುವ ಅಲ್ಲಿನ ಪ್ಲೆಡ್ಜ್ ಸೇರಿಸುವುದು ಬಾಕಿ ಇದೆ.