ಲವಂಗದೆಣ್ಣೆ, ಎಂಆರ್‌ಎಸ್‌ಎ ಮತ್ತು ದಾರಿ ತಪ್ಪಿಸುವ ವೃತ್ತ

ಲವಂಗ, ಓಮ, ಮಜ್ಜಿಗೆ ಹುಲ್ಲಿನ ಎಣ್ಣೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವಾದ ಎಂಆರ್‌ಎಸ್‌ಎಯನ್ನೂ ಕೊಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಫೋಟೊ ತೋರಿಸುತ್ತಾರೆ: ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆ, ಎಣ್ಣೆ ಹಾಕಿದ 6 ಮಿ.ಮೀ. ಕಾಗದದ ಬಿಲ್ಲೆ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ. ಅದರ ಅಗಲ ನೋಡಿ ಎಣ್ಣೆಗಳನ್ನು ಹೋಲಿಸಬೇಡಿ. ಅಗರ್‌ನಲ್ಲಿ ಬಹುಪಾಲು ನೀರೇ, ಎಣ್ಣೆ ಅದರಲ್ಲಿ ಸರಿಯಾಗಿ ಹರಡದು. ಒಂದಷ್ಟು ಆವಿಯಾಗಿ ಹೋಗುತ್ತದೆ, ಒಂದಷ್ಟು ಬಿಲ್ಲೆಯಲ್ಲೇ ಉಳಿಯುತ್ತದೆ.

ದ್ರವದಲ್ಲಿ ಪರೀಕ್ಷಿಸಿ. 96 ಗುಳಿಗಳ ತಟ್ಟೆಗೆ ಮ್ಯೂಲರ್-ಹಿಂಟನ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಹಾಕಿ, ಎಣ್ಣೆಯನ್ನು 4%ರಿಂದ ಅರ್ಧಕ್ಕರ್ಧ ಇಳಿಸುತ್ತಾ 0.03%ಕ್ಕೆ ತನ್ನಿ. ಬ್ಯಾಕ್ಟೀರಿಯಾ ಮಿಲಿಲೀಟರಿಗೆ ಸುಮಾರು 5 ಲಕ್ಷ ಇರಲಿ. 35 ಡಿಗ್ರಿಯಲ್ಲಿ 16ರಿಂದ 20 ಗಂಟೆ ಇಡಿ.

ಎಣ್ಣೆ ನೀರಿನಲ್ಲಿ ಬೆರೆಯಲು ಟ್ವೀನ್ 80 ಎಂಬ, ಸಾಬೂನಿನಂತೆ ಕೆಲಸ ಮಾಡುವ ಪದಾರ್ಥ ಬೇಕು, ಆದರೆ 0.5% ಮೀರದಿರಲಿ. ಹೆಚ್ಚಾದರೆ ಟ್ವೀನೇ ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಎಣ್ಣೆ ದುರ್ಬಲ ಎನ್ನಿಸಿಬಿಡುತ್ತದೆ. ಟ್ವೀನ್ ತಾನೇ ಬೆಳವಣಿಗೆ ತಡೆಯುತ್ತಿಲ್ಲ ಎಂದು ತಿಳಿಯಲು, ಎಣ್ಣೆಯಿಲ್ಲದೆ ಬ್ಯಾಕ್ಟೀರಿಯಾ ಜೊತೆ ಬರೀ ಟ್ವೀನ್ ಇರುವ ಗುಳಿ ಇಡಲೇಬೇಕು.

ಹೆಚ್ಚು ಪ್ರಯೋಗಗಳು ಕೆಡುವುದು ಆವಿಯಿಂದ. ಓಮದಲ್ಲಿನ, ಆವಿಯಾಗುವ ಅಂಶವಾದ ಥೈಮಾಲ್‌ನಂಥದ್ದು ಪಕ್ಕದ ಗುಳಿಗೆ ದಾಟಿ, ಎಣ್ಣೆಯೇ ಇಲ್ಲದ ಕಡೆಯೂ ಬೆಳವಣಿಗೆ ತಡೆಯುತ್ತದೆ. ಒಂದು ತಟ್ಟೆಗೆ ಒಂದೇ ಎಣ್ಣೆ ಹಾಕಿ, ನಡುವೆ ಒಂದು ಸಾಲು ಖಾಲಿ ಬಿಡಿ, ಮೇಲೆ ಅಂಟುಹಾಳೆ ಮುಚ್ಚಿ. ಲವಂಗದೆಣ್ಣೆಯನ್ನು ಗಾಜಿನಲ್ಲೇ ಇಡಿ, ಅದು ಪಾಲಿಸ್ಟೈರೀನ್ ಪ್ಲಾಸ್ಟಿಕನ್ನು ಹಾಳುಮಾಡುತ್ತದೆ. ಎಣ್ಣೆಯ ಹನಿಗಳೇ ದ್ರವವನ್ನು ಮಬ್ಬಾಗಿಸುವುದರಿಂದ ಬರಿಗಣ್ಣಿನ ಓದು ಸಾಲದು. ರೆಸಜ್ಯೂರಿನ್ ಎಂಬ ಬಣ್ಣ ಹಾಕಿ: ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿಯಾದರೆ ಇದೆ. ಬ್ಯಾಕ್ಟೀರಿಯಾ ಇಲ್ಲದ, ಎಣ್ಣೆ ಮಾತ್ರ ಇರುವ ಗುಳಿಯನ್ನೂ ಜೊತೆಗೆ ನೋಡಿ, ಬಣ್ಣ ಬದಲಾಗಿದ್ದು ಎಣ್ಣೆಯಿಂದಲೂ ಇರಬಹುದು.

ಬಂದ ಸಂಖ್ಯೆಯ ತೂಕ ಅರಿಯಿರಿ. ಟೀ ಟ್ರೀ ಎಣ್ಣೆ (ಚಹಾ ಗಿಡದ್ದಲ್ಲ, ಬೇರೊಂದು ಮರದ್ದು) 0.25%ರಲ್ಲಿ ಬೆಳವಣಿಗೆ ತಡೆದರೆ, ಅದು ಮಿಲಿಲೀಟರಿಗೆ ಸುಮಾರು 2200 ಮೈಕ್ರೋಗ್ರಾಂ. ಇದೇ ಬ್ಯಾಕ್ಟೀರಿಯಾಕ್ಕೆ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ 2 ಮೈಕ್ರೋಗ್ರಾಂ ಸಾಕಾಗಬೇಕು. ಹಾಗಾಗಿ ಇದು ಚರ್ಮದ ಮೇಲಿನ, ಹೊರಬಳಕೆಯ ಮಾತು. ಗಾಯಕ್ಕೆ ನೇರ ಎಣ್ಣೆ ಸುರಿಯುವುದಕ್ಕಾಗಲಿ, ಕುಡಿಯುವುದಕ್ಕಾಗಲಿ ಆಧಾರವಲ್ಲ. ಇನ್ನೊಂದು ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್‌ಗಂತೂ ಹೊರಪೊರೆಯೂ ಒಳಬಂದದ್ದನ್ನು ಹೊರದಬ್ಬುವ ಪಂಪುಗಳೂ ಇವೆ, ಅಲ್ಲಿ ಇನ್ನೂ ಹೆಚ್ಚು ಬೇಕು.

ನನಗೆ ಹೆಚ್ಚು ಭರವಸೆ ಇರುವುದು ಆ್ಯಂಟಿಬಯೋಟಿಕ್ ಜೊತೆಗಿನ ಬಳಕೆಯಲ್ಲಿ. ಬೆಳವಣಿಗೆ ತಡೆಯಲು ಜೊತೆಯಲ್ಲಿ ಬೇಕಾದ ಪ್ರಮಾಣವನ್ನು ಒಂಟಿಯಾಗಿ ಬೇಕಾದದ್ದರಿಂದ ಭಾಗಿಸಿ, ಎರಡಕ್ಕೂ ಬಂದ ಭಾಗಲಬ್ಧ ಕೂಡಿಸಿ. 0.5 ಅಥವಾ ಕಡಿಮೆಯಾದರೆ ಒಂದಕ್ಕೊಂದು ಬಲ ಕೊಡುತ್ತಿವೆ. ಇಲ್ಲೂ ಆವಿ ದಾಟಿದರೆ ಇಲ್ಲದ ಬಲ ಕಾಣುತ್ತದೆ. ಫಲಿತಾಂಶವನ್ನು ಬಿಗಿ ಮುಚ್ಚಳದ ಗಾಜಿನ ನಳಿಕೆಯಲ್ಲಿ ಮತ್ತೆ ಮಾಡಿ ನೋಡಿ.