ತಲೆ ಮೊದಲು ಒಳಗೆ ಹೋಗಬೇಕಿತ್ತು

ಹೋದ ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಊಟದ ಮೇಜಿನ ಮೇಲೆ 'ಟಪ್' ಅಂತ ಒಂದು ಸದ್ದಾಯಿತು. ರೂಪ ಬದಲಿಸುವ ರೋಬೋ ಗೊಂಬೆಗಳ ಹುಚ್ಚು ಇರುವವರಿಗೆ ಆ ಸದ್ದು ಚೆನ್ನಾಗಿ ಗೊತ್ತು. 'ಟಕ್' ಅಂದರೆ ಭಾಗ ಸರಿಯಾಗಿ ಕೂತಿತು ಅಂತ. 'ಟಪ್' ಅಂದರೆ ಏನೋ ಹೋಯ್ತು ಅಂತ.

ಹೋದದ್ದು ಒಂದು ಜೆಟ್ಟಿನ ಎಡ ರೆಕ್ಕೆಯ ಬುಡದಲ್ಲಿದ್ದ ಸಣ್ಣ ಕೊಂಡಿ. ಜೆಟ್ ಅಂದರೆ ಅಂಗೈಗಿಂತ ಸ್ವಲ್ಪ ದೊಡ್ಡದು. ಬಿಡಿಸಿ, ತಿರುಗಿಸಿ, ಮಡಚಿದರೆ ಎರಡು ಕಾಲಿನ ಮೇಲೆ ನಿಲ್ಲುವ ರೋಬೋ ಆಗುತ್ತದೆ. ರೋಬೋವನ್ನು ಮತ್ತೆ ಜೆಟ್ ಮಾಡುತ್ತಿದ್ದೆ. ಬೆನ್ನಿನ ಹಲಗೆ ಮುಚ್ಚಲಿಲ್ಲ. ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ. ಮುರಿದ ಮೇಲೆ ನೋಡಿದರೆ, ರೋಬೋದ ತಲೆಯನ್ನು ಒಳಗೆ ಮಡಚೋದನ್ನೇ ಮರೆತಿದ್ದೆ. ಹಲಗೆಗೆ ಅಡ್ಡ ನಿಂತಿದ್ದು ಅದೇ.

ನಾಚಿಕೆಯ ವಿಷಯ ಏನಂದ್ರೆ ನಾನು ಫಿಸಿಯೋಥೆರಪಿಸ್ಟ್. ಬೆಳಗ್ಗೆಯಿಂದ ಸಂಜೆವರೆಗೆ ಜನರ ಭುಜ, ಮಂಡಿ, ಸೊಂಟ ಹಿಡಿದು ಆಡಿಸೋದೇ ನನ್ನ ಕೆಲಸ. "ಬಲ ಹಾಕಬೇಡಿ, ಎಲ್ಲಿ ತಡೆಯುತ್ತೋ ಅಲ್ಲಿ ನಿಲ್ಲಿಸಿ" ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕ ಇಲ್ಲ. ಮನೆಗೆ ಬಂದು ಹದಿನಾಲ್ಕು ಸೆಂಟಿಮೀಟರಿನ ಗೊಂಬೆಯ ಮೇಲೆ ಹೆಬ್ಬೆರಳಿನ ಪೂರ್ತಿ ಬಲ ಹಾಕಿದೆ.

ಮಗನಿಗೆ ಫೋನ್ ಮಾಡಿದೆ. ಅವನು ಹಾಸ್ಟೆಲಿನಲ್ಲಿದ್ದಾನೆ. ಪೂರ್ತಿ ಹೇಳುವ ಮುಂಚೆಯೇ ಕೇಳಿದ, "ಅಮ್ಮಾ, ತಲೆ ಮೊದಲು ಒಳಗೆ ಹಾಕಿದ್ಯಾ?"

ಈ ಗೊಂಬೆಗಳು ಮನೆಗೆ ಬಂದದ್ದೇ ಅವನಿಂದ. ಆರು ವರ್ಷದವನಿದ್ದಾಗ ಯಾರೋ ಹುಟ್ಟುಹಬ್ಬಕ್ಕೆ ಒಂದು ಹಳದಿ ಕಾರು ಕೊಟ್ಟರು. ಪೆಟ್ಟಿಗೆಯ ಮೇಲೆ ರೋಬೋ ಚಿತ್ರ, ಒಳಗೆ ಕಾರು. ಅವನ ಪುಟ್ಟ ಬೆರಳಿಗೆ ಅದು ಬಗ್ಗಲಿಲ್ಲ. ಅಳುಮುಖ ಮಾಡಿಕೊಂಡು ನನ್ನ ಮಡಿಲಿಗೆ ತಂದು ಹಾಕಿದ. ಸೂಚನೆಯ ಹಾಳೆಯಲ್ಲಿ ಅಕ್ಷರ ಕಡಿಮೆ, ಬಾಣದ ಗುರುತು ಜಾಸ್ತಿ. ಮುಕ್ಕಾಲು ಗಂಟೆ ಕೂತೆ. ಕಾರಿನ ಬಾನೆಟ್ ಎದೆಯಾಯಿತು, ಬಾಗಿಲುಗಳು ಬೆನ್ನ ಹಿಂದೆ ರೆಕ್ಕೆಯ ಹಾಗೆ ನಿಂತವು, ಹಿಂಬದಿ ಸೀಳಿ ಎರಡು ಕಾಲಾಯಿತು. ಮಗ ಅಷ್ಟರಲ್ಲಿ ನಿದ್ದೆ ಹೋಗಿದ್ದ. ನಾನು ಅದನ್ನು ಮತ್ತೆ ಕಾರು ಮಾಡಿದೆ. ಆಮೇಲೆ ಸುಮ್ನೆ ಇನ್ನೊಂದು ಸಲ ರೋಬೋ ಮಾಡಿದೆ.

ಅವನು ಹನ್ನೆರಡಕ್ಕೆ ಆಟಿಕೆ ಬಿಟ್ಟ. ನಾನು ಬಿಡಲಿಲ್ಲ. ಈಗ ನಲವತ್ತೊಂದು ಇವೆ. ಯಾರಾದರೂ ಕೇಳಿದಾಗ "ಟ್ರಾನ್ಸ್‌ಫಾರ್ಮರ್ ಕೂಡಿಡ್ತೀನಿ" ಅಂದರೆ ಕಂಬದ ಮೇಲೆ ಕೂತು ಗುಂಯ್ ಅನ್ನುತ್ತದಲ್ಲ, ಕರೆಂಟಿನದ್ದು, ಅದು ಅಂದುಕೊಳ್ಳುತ್ತಾರೆ. ಅದಕ್ಕೇ "ರೋಬೋ ಗೊಂಬೆ" ಅಂತ ಹೇಳೋದು ರೂಢಿಯಾಗಿದೆ. ನಮ್ಮ ಮನೆಯವರು ಮಾತ್ರ ನಾನು ಸ್ಕ್ರೂಡ್ರೈವರ್ ಹಿಡಿದಾಗಲೆಲ್ಲ ಒಂದೇ ಮಾತು ಹೇಳುತ್ತಾರೆ: "ಏನು, ಇವತ್ತು ಕ್ಲಿನಿಕ್ ಇನ್ನೂ ಮುಚ್ಚಿಲ್ವಾ?"

ಅವರು ತಮಾಷೆಗೆ ಹೇಳಿದರೂ ನನಗೆ ಇದು ಅದೇ ಕೆಲಸದ ಮುಂದುವರಿಕೆ. ಒಳ್ಳೆಯ ಗೊಂಬೆಯ ಭುಜದಲ್ಲಿ ನಮ್ಮ ಭುಜದಂತೆಯೇ ಗುಂಡು ಮತ್ತು ಬಟ್ಟಲಿನ ಕೀಲು ಇರುತ್ತದೆ. ಮಂಡಿಯಲ್ಲಿ ಬಾಗಿಲಿನ ತಿರುಗಣಿಯಂಥದ್ದು. ದೊಡ್ಡ ಗೊಂಬೆಗಳ ಸೊಂಟದಲ್ಲಿ ಹಲ್ಲಿನ ಚಕ್ರ, ಕಾಲು ಎತ್ತಿದರೆ ಕರಕರ ಅನ್ನುತ್ತದೆ. ಮನುಷ್ಯರ ಸೊಂಟ ಹಾಗಂದರೆ ನಾನು ಎಕ್ಸ್‌ರೇ ತೆಗೆಸಿ ಅನ್ನುತ್ತೇನೆ, ಇಲ್ಲಿ ಮಾತ್ರ ಕೇಳೋಕೆ ಹಿತ.

ಮೊದಮೊದಲಿನ ಗೊಂಬೆಗಳಲ್ಲಿ ಇಷ್ಟೆಲ್ಲ ಕೀಲು ಇರಲಿಲ್ಲ. ನನ್ನ ಹತ್ತಿರ 1984ರ ಆಪ್ಟಿಮಸ್ ಪ್ರೈಮ್ ಇದೆ, ಈ ಗೊಂಬೆಗಳ ಕಥೆಯ ನಾಯಕ, ಲಾರಿ ಆಗುವವನು. ಹಳೇ ಅಚ್ಚಿನಿಂದ ಮತ್ತೆ ತೆಗೆದದ್ದು, ಅಸಲಿ ಅಲ್ಲ. ಕೈ ಎತ್ತುತ್ತಾನೆ, ಅಷ್ಟೇ. ಸೊಂಟ ತಿರುಗಿಸಲಾರ. ಅವನ ಮುಷ್ಟಿಗಳು ಬೇರೆ ಬಿಡಿ ಭಾಗಗಳು. ಲಾರಿ ಮಾಡುವಾಗ ಎರಡನ್ನೂ ಕಿತ್ತು ಪಕ್ಕಕ್ಕಿಡಬೇಕು. ಹಾಗಾಗಿ ಹಳೇ ಮಾಲಿನಲ್ಲಿ ಸಿಗುವ ಆಪ್ಟಿಮಸ್‌ಗಳಲ್ಲಿ ಎಷ್ಟೋ ಜನಕ್ಕೆ ಕೈಯೇ ಇರೋದಿಲ್ಲ. 1996ರಲ್ಲಿ ಬೀಸ್ಟ್ ವಾರ್ಸ್ ಸಾಲು ಬಂತು, ಗೊರಿಲ್ಲಾ, ಚಿರತೆ, ಡೈನೋಸಾರ್ ಆಗುವಂಥವು. ಗುಂಡು ಕೀಲು ಧಾರಾಳವಾಗಿ ಬಳಸಿದ್ದು ಅಲ್ಲಿಂದ. ಗೊಂಬೆ ಮಂಡಿಯೂರಿ ಕೂರೋದು ಕಲಿತಿತು.

ಆ ಹಳೆಯ ಕಾರುಗಳ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಕೆಲವುಗಳ ಬಾಗಿಲು ತೆರೆದರೆ ಒಳಗೆ ಸೀಟು ಇರುತ್ತದೆ. ಕಥೆಯ ಪ್ರಕಾರ ಇವು ಜೀವ ಇರುವ ರೋಬೋಗಳು, ತಮ್ಮನ್ನು ತಾವೇ ಓಡಿಸಿಕೊಳ್ಳುತ್ತವೆ. ಹಾಗಿದ್ದರೆ ಸೀಟು ಯಾರಿಗೆ? ವಿಷಯ ಏನಪ್ಪಾ ಅಂದರೆ ಗೊಂಬೆ ಮೊದಲು ಬಂತು, ಕಥೆ ಆಮೇಲೆ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಅಂತ ಒಂದು ಸಾಲು ಶುರು ಮಾಡಿತ್ತು. ಅದರಲ್ಲಿ ರೋಬೋ ಬರೀ ಯಂತ್ರ, ಅದನ್ನು ನಡೆಸೋಕೆ ಸುಮಾರು ಮೂರು ಸೆಂಟಿಮೀಟರಿನ ಪುಟಾಣಿ ಚಾಲಕ, ಕಾಲಲ್ಲಿ ಅಯಸ್ಕಾಂತ. ಅದೇ ಕಂಪನಿಯದ್ದೇ ಇನ್ನೊಂದು ಸಾಲು ಮೈಕ್ರೋ ಚೇಂಜ್. ಅಲ್ಲಿ ಮನೆಯಲ್ಲಿರುವ ವಸ್ತುಗಳೇ ರೋಬೋ: ಟೇಪ್ ರೆಕಾರ್ಡರ್, ಕ್ಯಾಸೆಟ್, ಪಿಸ್ತೂಲು, ಪುಟ್ಟ ಆಟಿಕೆ ಕಾರು. ಅಮೆರಿಕದ ಹ್ಯಾಸ್‌ಬ್ರೋ ಎರಡೂ ಸಾಲಿನಿಂದ ಗೊಂಬೆಗಳನ್ನು ತಗೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಒಂದೇ ಹೆಸರಲ್ಲಿ ಇಳಿಸಿತು. ಹೆಸರು, ಸ್ವಭಾವ ಕೊಡೋಕೆ ಮಾರ್ವೆಲ್ ಕಾಮಿಕ್ಸಿನವರನ್ನು ಕರೆದರು. ಹೆಚ್ಚಿನ ಹೆಸರು ಅಲ್ಲಿನ ಬಾಬ್ ಬುಡಿಯಾನ್ಸ್ಕಿ ಇಟ್ಟದ್ದು. ಆಪ್ಟಿಮಸ್ ಪ್ರೈಮ್ ಅನ್ನೋ ಹೆಸರು ಮಾತ್ರ ಡೆನ್ನಿಸ್ ಓನೀಲ್ ಅವರದ್ದು.

ಹೀಗಾಗಿ ನಿಜವಾದ ಲಾರಿಯ ಅಳತೆಯ ನಾಯಕನಿಗೆ ಎದುರಾಳಿ ಯಾರು ಅಂದರೆ ಕೈಯಲ್ಲಿ ಹಿಡಿಯುವ ಪಿಸ್ತೂಲು! ಆ ಎದುರಾಳಿ ಮೆಗಾಟ್ರಾನ್ ಬೇಕಾದಾಗ ಕುಗ್ಗುತ್ತಾನೆ ಅಂತ ಕಥೆಯಲ್ಲಿ ಸೇರಿಸಬೇಕಾಯಿತು. ಎರಡು ಮನೆಯ ಮಕ್ಕಳನ್ನು ಒಂದೇ ಸೂರಿನಡಿ ತಂದಾಗ ಏನೇನೋ ಹೊಂದಿಸಬೇಕಾಗುತ್ತೆ, ಅಲ್ವಾ. ಚಾಲಕನನ್ನು ಪೆಟ್ಟಿಗೆಯಿಂದ ತೆಗೆದರು. ಸೀಟು ಮಾತ್ರ ಅಚ್ಚಿನಲ್ಲಿ ಉಳಿದುಹೋಯಿತು. ನಾನು ಆ ಬಾಗಿಲು ತೆರೆದಾಗಲೆಲ್ಲ ಯಾರೋ ಈಗಷ್ಟೇ ಇಳಿದು ಹೋದ ಹಾಗೆ ಅನಿಸುತ್ತದೆ.

ಈಗ ಜಗಳದ ವಿಷಯ. ಗೆಳೆಯರೊಬ್ಬರು ಇದ್ದಾರೆ, ಇದೇ ಹುಚ್ಚು, ಆದರೆ ಅವರ ಗೊಂಬೆಗಳೆಲ್ಲ ಪೆಟ್ಟಿಗೆಯೊಳಗೇ. ಟೇಪ್ ಕೂಡ ಬಿಚ್ಚಿಲ್ಲ. ಜೆಟ್ ಮುರಿದದ್ದು ಹೇಳಿದೆ. "ನೋಡಿ ಮೇಡಂ, ಅದಕ್ಕೇ ನಾನು ಮುಟ್ಟೋದಿಲ್ಲ" ಅಂದರು. ಸಮಾಧಾನದ ದನಿಯೇ, ಆದರೆ ಒಳಗೆ ಸ್ವಲ್ಪ ಖುಷಿಯಾಗಿದ್ದು ನನಗೆ ಕೇಳಿಸಿತು.

ಮುಟ್ಟದಿದ್ದರೆ ಉಳಿಯುತ್ತೆ ಅನ್ನೋದನ್ನು ನಾನು ಒಪ್ಪೋದಿಲ್ಲ. ಬಂಗಾರದ ಬಣ್ಣದ ಚೂರುಗಳನ್ನು ಕಲಸಿ ಎರಕ ಹೊಯ್ದ ಒಂದು ಜಾತಿಯ ಪ್ಲಾಸ್ಟಿಕ್ ಇದೆ. ಎಂಬತ್ತರ ದಶಕದ ಕೊನೆಯಲ್ಲಿ, ತೊಂಬತ್ತರಲ್ಲಿ ಬಳಸಿದ್ದು. ಅದು ವರ್ಷ ಕಳೆದಂತೆ ತಾನೇ ಒಳಗಿಂದ ಸಾಯುತ್ತದೆ. ನೋಡೋಕೆ ಹೊಳೆಯುತ್ತಿರುತ್ತದೆ, ಎತ್ತಿಕೊಂಡರೆ ಬಿಸ್ಕತ್ತಿನ ಹಾಗೆ ಪುಡಿ. 1988ರ ಜಪಾನಿನ ಬ್ಲಾಕ್ ಜಾರಾಕ್ ಅನ್ನೋ ಗೊಂಬೆ ಇದಕ್ಕೇ ಹೆಸರುವಾಸಿ. ಪೆಟ್ಟಿಗೆಯ ಟೇಪ್ ಬಿಚ್ಚದಿದ್ದರೂ ಅದಕ್ಕೆ ತಪ್ಪಿದ್ದಲ್ಲ. ಬಿಳಿ ಪ್ಲಾಸ್ಟಿಕ್ ಕೂಡ ಕತ್ತಲಲ್ಲಿಟ್ಟರೂ ಹಳದಿಗೆ ತಿರುಗಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಆದರೆ ಕೆಲವು ಮತ್ತೆ ಹಳದಿಯಾಗುತ್ತವೆ, ಕೂದಲಿಗೆ ಬಣ್ಣ ಹಾಕಿದ ಹಾಗೇ.

ಇನ್ನು ಆಡಿಸದ ಕೀಲಿನ ಕಥೆ ನನಗೆ ಯಾರೂ ಹೇಳಬೇಕಾಗಿಲ್ಲ. ನೋವಿಗೆ ಹೆದರಿ ಕೈ ಎತ್ತದೆ ಮೂರು ತಿಂಗಳು ಕೂತವರ ಭುಜ ಹೇಗೆ ಹಿಡಿದುಕೊಂಡಿರುತ್ತೆ ಅಂತ ವಾರಕ್ಕೆ ನಾಲ್ಕು ಜನರಲ್ಲಿ ನೋಡುತ್ತೇನೆ. ಗೊಂಬೆಯಲ್ಲೂ ಹಾಗೇ: ಬಣ್ಣಕ್ಕೆ ಬಣ್ಣ ಅಂಟುತ್ತದೆ, ಮೆತ್ತನೆ ರಬ್ಬರು ತಾಗಿದ ಕಡೆ ಗಟ್ಟಿ ಪ್ಲಾಸ್ಟಿಕ್ ಕರಗಿದ ಹಾಗೆ ಕಲೆಯಾಗುತ್ತದೆ. ಹತ್ತು ವರ್ಷ ಆದ ಮೇಲೆ ಒಮ್ಮೆಗೇ ತಿರುಗಿಸಲು ಹೋದರೆ ಟಪ್.

ತಿರುಗಿಸಿದರೆ ಸವೆಯುತ್ತೆ ನಿಜ. ನನ್ನ ಹತ್ತಿರ ಇರೋದರಲ್ಲಿ ಏಳೆಂಟಕ್ಕೆ ಭುಜ ಸಡಿಲ. ಗುಂಡಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೆಳು ಪದರ ಹಚ್ಚಿ, ಒಂದು ದಿನ ಪೂರ್ತಿ ಒಣಗಿಸಿ, ಆಮೇಲೆ ಬಟ್ಟಲಿಗೆ ಕೂರಿಸುತ್ತೇನೆ. ಒಣಗುವ ಮುಂಚೆ ಕೂರಿಸಿದರೆ ಮುಗೀತು, ಜನ್ಮಕ್ಕೂ ಅಲ್ಲಾಡಲ್ಲ. ಒಂದು ಸಲ ಹಾಗೂ ಮಾಡಿದ್ದೇನೆ. ಆ ಬಡಪಾಯಿ ಈಗಲೂ ಬಲಗೈ ಎತ್ತಿ ಬಸ್ಸು ನಿಲ್ಲಿಸುತ್ತಿರುವವನ ಹಾಗೆ ನಿಂತಿದ್ದಾನೆ. ಪಿನ್ ಇರುವ ಕೀಲಾದರೆ ಇನ್ನೂ ಎಚ್ಚರ ಬೇಕು. ಪಿನ್ನಿನ ಒಂದು ತುದಿಯಲ್ಲಿ ಗೀರುಗಳಿರುತ್ತವೆ. ನಯವಾದ ತುದಿಯಿಂದ ತಟ್ಟಿ ಗೀರಿನ ತುದಿಯನ್ನು ಹೊರಗೆ ಕಳಿಸಬೇಕು, ತಿರುಗಾಮುರುಗ ಆದರೆ ಪ್ಲಾಸ್ಟಿಕ್ ಸೀಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿಗೆ ಪಿನ್ ಹಾಕಿದ್ದರೆ ನಾನು ಆ ಕಡೆ ತಲೆಯೂ ಹಾಕಲ್ಲ.

ನನಗೆ ಬೇಕಾದದ್ದು ಆ ಮಧ್ಯದ ಸ್ಥಿತಿ. ಕಾರೂ ಅಲ್ಲ, ರೋಬೋವೂ ಅಲ್ಲ, ಭಾಗಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕೈಯಲ್ಲಿ ಜೋತಾಡುವ ಒಂದು ನಿಮಿಷ. ಮೊದಲ ಸಲ ಅಲ್ಲಿಗೆ ಬಂದಾಗ ಗಾಬರಿಯಾಗುತ್ತದೆ. ಇಪ್ಪತ್ತನೇ ಸಲಕ್ಕೆ ಬೆರಳುಗಳೇ ದಾರಿ ಹಿಡಿಯುತ್ತವೆ, ಕಣ್ಣು ಬೇಡ. ಕರೆಂಟ್ ಹೋದಾಗ ಕತ್ತಲಲ್ಲಿ ಕೂತು ಲಾರಿ ಮಾಡಿದ್ದೇನೆ. ಅದರ ನಡುವೆ ಎಲ್ಲೋ ಬುದ್ಧಿ ಓಡಿಸಿದೆನೋ, ತಪ್ಪಿತು. ಹೋದ ಭಾನುವಾರ ಆದದ್ದೂ ಅದೇ. ನಾಳೆ ಬರುವ ಒಬ್ಬ ಪೇಶಂಟಿನ ಮಂಡಿಯ ಬಗ್ಗೆ ಯೋಚಿಸುತ್ತಿದ್ದೆ.

ಕೊಂಡಿಯನ್ನು ಅಂಟಿಸಿದ್ದೇನೆ. ಬರೀ ಅಂಟು ನಿಲ್ಲಲ್ಲ ಅಂತ ಗೊತ್ತಿತ್ತು. ಅದಕ್ಕೇ ಕೂದಲೆಳೆಗಿಂತ ಸ್ವಲ್ಪ ದಪ್ಪದ ತೂತು ಕೊರೆದು ಗುಂಡುಪಿನ್ನಿನ ತುಂಡು ಕೂರಿಸಿದೆ. ಮೂಳೆಗೆ ರಾಡ್ ಹಾಕಿದ ಹಾಗೆ. ಎಡ ರೆಕ್ಕೆ ಬಲದ್ದಕ್ಕಿಂತ ಒಂದು ಕೂದಲು ಕೆಳಗೆ ಜೋಲುತ್ತದೆ. ಫೋಟೋ ಕಳಿಸಿದೆ. ಮಗ ಬರೆದ: "ಸೂಪರ್ ಅಮ್ಮಾ. ಆದ್ರೆ ಚಕ್ರ ಯಾಕೆ ಹಿಂದುಮುಂದು ಇದೆ?"

ತಿರುಗಿಸಿ ನೋಡಿದೆ. ಹೌದು, ಹಿಂದುಮುಂದೇ ಹಾಕಿದ್ದೆ. ಈಗ ಮತ್ತೆ ಬಿಚ್ಚಬೇಕು, ಮೂರು ತಿರುಪು.